ಸೂರಿಗೂ ಒಂದು ಫಾರಂ 7 ಬೇಕು

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಅಲ್ಲಿಂದ ಮೊಳಗಿದ ‘ಉಳುವವನೇ ಹೊಲದೊಡೆಯ’ ಎಂಬ ಬೇಡಿಕೆ 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಕಾನೂನಿನ ರೂಪ ಪಡೆಯಿತು. ಗೇಣಿದಾರ ಫಾರಂ 7 ಸಲ್ಲಿಸಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ತನ್ನ ಹಕ್ಕನ್ನು ಕೇಳಬಹುದಿತ್ತು. ಅದೇ ಜಿಲ್ಲೆಯ ಶಿವಮೊಗ್ಗ, ಭದ್ರಾವತಿಗಳಲ್ಲಿ ಬಾಡಿಗೆ ಕೋಣೆಯಲ್ಲಿರುವ ಕೂಲಿಕಾರರಿಗೆ ಸೂರಿನ ವಿಷಯದಲ್ಲಿ ಇಂದಿಗೂ ಅಂಥ ಬಾಗಿಲಿಲ್ಲ. ನಮ್ಮ ವಸತಿ ಕಾನೂನುಗಳ ದೊಡ್ಡ ಕೊರತೆ ಇದೇ.

ಕಾಯ್ದೆಗಳಿಗೇನೂ ಬರವಿಲ್ಲ. 1973ರ ಕೊಳಚೆ ಪ್ರದೇಶ ಕಾಯ್ದೆ ಕೊಳೆಗೇರಿ ಎಂದು ಘೋಷಣೆಯಾದ ಕಡೆ ನೆಲೆಸಿದವರಿಗೆ. 1987ರ ಕಾಯ್ದೆಯಡಿ ಕೆಲಸ ಮಾಡುವ ನಗರಾಭಿವೃದ್ಧಿ ಪ್ರಾಧಿಕಾರ ‘ಸೂಡಾ’ದ ನಿವೇಶನ ದುಡ್ಡು ಹೊಂದಿಸಬಲ್ಲವರಿಗೆ. ಭೂಕಂದಾಯ ಕಾಯ್ದೆಯ 94ಸಿಸಿ ಕಲಂ ಸರ್ಕಾರಿ ಜಾಗದಲ್ಲಿ ಆಗಲೇ ಮನೆ ಕಟ್ಟಿಕೊಂಡವರಿಗೆ. ತೆರವಿನ ಭಯದಲ್ಲಿ ಬದುಕಿದವರ ಕೈಗೆ ಹಕ್ಕುಪತ್ರ ಕೊಡುವ 94ಸಿಸಿಯನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಯಾರ ಜಾಗವನ್ನೂ ಮುಟ್ಟದೆ, ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತ ಕಾದವರಿಗೆ ಅದು ಏನನ್ನೂ ಕೊಡುವುದಿಲ್ಲ.

ಅವರಿಗೆ ಉಳಿದಿರುವುದು ಸರ್ಕಾರದ ಆಶ್ರಯ ವಸತಿ ಯೋಜನೆ. ಅಲ್ಲಿ ಫಲಾನುಭವಿಗಳನ್ನು ಆರಿಸುವುದು ಶಾಸಕರ ಅಧ್ಯಕ್ಷತೆಯ ಸಮಿತಿ. ಶಿವಮೊಗ್ಗದ ಗೋವಿಂದಾಪುರದಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ಬಹುಮಹಡಿ ಮನೆಗಳನ್ನು ಕೈಗೆತ್ತಿಕೊಂಡಾಗ ಆಸೆ ಚಿಗುರಿತ್ತು. ಕೇಂದ್ರದ ಪಾಲು ಮನೆಯೊಂದಕ್ಕೆ 1.5 ಲಕ್ಷ ರೂಪಾಯಿ. ಉಳಿದ ಹಣದಲ್ಲಿ ದೊಡ್ಡ ಭಾರ ಬಡವರ ಹೆಗಲಿಗೇ ಬಿತ್ತು. ಕೆಲಸ ವರ್ಷಗಟ್ಟಲೆ ಎಳೆಯಿತು. ಮುಂಗಡ ಕಟ್ಟಿದವರು ಅತ್ತ ಮನೆ ಸಿಗದೆ, ಇತ್ತ ಬಾಡಿಗೆಯೂ ತಪ್ಪದೆ ಬಳಲಿದರು. ತಡವಾದದ್ದಕ್ಕೆ ಯಾರೂ ಉತ್ತರಿಸಬೇಕಾಗಲಿಲ್ಲ. ಯೋಜನೆ ಎಂದರೆ ಸರ್ಕಾರದ ಔದಾರ್ಯ; ಔದಾರ್ಯಕ್ಕೆ ಗಡುವು ಇರುವುದಿಲ್ಲ.

ಭದ್ರಾವತಿಯ ಪಾಠ ಬೇರೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ (ಇಂದಿನ ವಿಐಎಸ್‌ಎಲ್), ಆಮೇಲೆ ಬಂದ ಕಾಗದ ಕಾರ್ಖಾನೆ (ಎಂಪಿಎಂ) ಎರಡೂ ಕೆಲಸದ ಜೊತೆಗೆ ಕ್ವಾರ್ಟರ್ಸನ್ನೂ ಕೊಟ್ಟವು. ಎಂಪಿಎಂ ಯಂತ್ರಗಳು 2015ರಲ್ಲಿ ನಿಂತವು. ವಿಐಎಸ್‌ಎಲ್ ಮುಚ್ಚುವ ಮಾತು 2023ರಲ್ಲಿ ಬಂತು. ನೌಕರಿಗೆ ಕಟ್ಟಿಹಾಕಿದ ಸೂರು ನೌಕರಿಯ ಜೊತೆಗೇ ಅಲುಗಾಡುತ್ತದೆ.

ತಿದ್ದುಪಡಿ ಆಗಬೇಕಾದದ್ದು ಇಲ್ಲಿ: ನಿವೇಶನರಹಿತರ ಅರ್ಜಿಗೆ ಕಾನೂನಿನಲ್ಲೇ ಗಡುವು ಬೇಕು. ತಿರಸ್ಕರಿಸಿದರೆ ಕಾರಣ ಬರೆದುಕೊಡಬೇಕು, ಮೇಲ್ಮನವಿ ಕೇಳಲು ತಾಲ್ಲೂಕಿನಲ್ಲೊಂದು ನ್ಯಾಯಮಂಡಳಿ ಇರಬೇಕು. ಮನೆ ತಡವಾದರೆ ಆ ಅವಧಿಯ ಬಾಡಿಗೆಯನ್ನು ಸರ್ಕಾರ ಭರಿಸಬೇಕು. ‘ವಾಸಿಸುವವನೇ ಮನೆಯೊಡೆಯ’ ಎಂಬ ಘೋಷಣೆಗೆ ದನಿಯಾದವರು ಕಂದಾಯ ಸಚಿವರಾಗಿದ್ದ ಕಾಗೋಡು ತಿಮ್ಮಪ್ಪ, ಇದೇ ಜಿಲ್ಲೆಯವರು. ಬಾಡಿಗೆ ಕೋಣೆಯಲ್ಲಿ ಕಾದಿರುವವರನ್ನೂ ಒಳಗೊಂಡಾಗಲೇ ಆ ಮಾತು ಪೂರ್ಣವಾಗುತ್ತದೆ.