ಮೊಮ್ಮಕ್ಕಳ ಕಪ್ಪು-ಬಿಳುಪು ಚಿತ್ರಗಳು: ನೆನಪು ಯಾರದು?

ಕಥೆ, ಕಾವ್ಯ, ನಾಟಕಗಳನ್ನು ಕುರಿತು ವಿಚಾರ ಮಾಡುವ ಸಾಹಿತ್ಯ ಸಮ್ಮೇಳನಗಳಲ್ಲಿ ಮನೆಯ ಆಲ್ಬಮ್ಮಿಗೆ ಸ್ಥಾನ ದೊರೆಯುವುದು ಅಪರೂಪ. ಆದರೂ ಒಂದು ಕುಟುಂಬ ಯಾವುದನ್ನು ಉಳಿಸಿಕೊಳ್ಳಬಯಸಿತು, ಯಾವುದನ್ನು ಮರೆಯಬಯಸಿತು ಎಂಬುದನ್ನು ಆಲ್ಬಮ್ಮಿನಷ್ಟು ನಿಚ್ಚಳವಾಗಿ ಹೇಳುವ ಗ್ರಂಥ ಬೇರೊಂದಿಲ್ಲ. ಈಚೆಗೆ ಆ ಗ್ರಂಥಕ್ಕೆ ಹೊಸದೊಂದು ಅಧ್ಯಾಯ ಸೇರಿದೆ. ನಿವೃತ್ತರಾದ ಅಜ್ಜಂದಿರು, ಕೈಯಲ್ಲಿ ಒಳ್ಳೆಯ ಮೊಬೈಲು ಇರುವ ಅಜ್ಜಿಯರು ತಮ್ಮ ಪುಟ್ಟ ಮೊಮ್ಮಕ್ಕಳ ಚಿತ್ರಗಳನ್ನು ಬಣ್ಣ ತೆಗೆದು ಕಪ್ಪು-ಬಿಳುಪಿನಲ್ಲಿ ಕಾಣಲು ಇಷ್ಟಪಡುತ್ತಿದ್ದಾರೆ. ಬಣ್ಣಕ್ಕೆ ಒಂದು ಪೈಸೆಯೂ ಹೆಚ್ಚು ಖರ್ಚಾಗದ ಈ ಕಾಲದಲ್ಲಿ ಅದನ್ನು ಬೇಡವೆನ್ನುವುದು ಒಂದು ಕಲಾತ್ಮಕ ತೀರ್ಮಾನ. ತೀರ್ಮಾನವೆಂದ ಮೇಲೆ ಅದು ವಿಮರ್ಶೆಗೂ ಒಳಪಡಬೇಕು.

ನಮ್ಮ ಹಿರಿಯರಿಗೆ ಕಪ್ಪು-ಬಿಳುಪು ಆಯ್ಕೆಯಾಗಿರಲಿಲ್ಲ. ಪೇಟೆಯ ಸ್ಟುಡಿಯೋದಲ್ಲಿ ಚಿತ್ರ ಬರೆದ ಪರದೆಯ ಮುಂದೆ ಮಗುವನ್ನು ಕುರ್ಚಿಯ ಮೇಲೆ ಕೂರಿಸಿ ತೆಗೆಸಿದ ಫೋಟೋಗೆ ಬೇರೆ ದಾರಿಯೇ ಇರಲಿಲ್ಲ. ಅನುಕೂಲವಿದ್ದವರು ಅದೇ ಫೋಟೋಗೆ ಕುಂಚದಿಂದ ಬಣ್ಣ ಹಾಕಿಸಿ ಚೌಕಟ್ಟು ಕಟ್ಟಿಸುತ್ತಿದ್ದರು. ಅವರು ಹಣ ಕೊಟ್ಟು ಪಡೆಯಬಯಸಿದ ಬಣ್ಣವನ್ನು ಅವರ ಮಕ್ಕಳು ಇಂದು ಬೆರಳ ತುದಿಯಿಂದ ಅಳಿಸುತ್ತಿದ್ದಾರೆ. ಹಿರಿಯರಿಗೆ ಕೊರತೆಯಾಗಿದ್ದುದು ನಮಗೆ ಶೈಲಿಯಾಗಿದೆ.

ಈ ಶೈಲಿಯ ಗುಣಗಳನ್ನು ಮೊದಲು ಒಪ್ಪಿಕೊಳ್ಳಬೇಕು. ಮಕ್ಕಳಿರುವ ಮನೆ ಬಣ್ಣಗಳ ಸಂತೆ. ಪ್ಲಾಸ್ಟಿಕ್ ಆಟಿಕೆ, ಹೂವಿನ ಚಾದರ, ಅಂಗಿಯ ಮೇಲಿನ ಕಾರ್ಟೂನು ಎಲ್ಲವೂ ಕಣ್ಣನ್ನು ತಮ್ಮತ್ತ ಎಳೆಯುತ್ತವೆ. ಬಣ್ಣ ಹೋದೊಡನೆ ಅವೆಲ್ಲ ಹಿಂದೆ ಸರಿದು ಮಗುವಿನ ಕಣ್ಣಿನ ಹೊಳಪು, ಹುಬ್ಬಿನ ಗಂಟು, ಅಜ್ಜಿಯ ಸುಕ್ಕುಗಟ್ಟಿದ ಕೈಯೊಳಗಿನ ಎಳೆಯ ಬೆರಳು ಮುಂದೆ ಬರುತ್ತವೆ. ಗೋವೆಯ ಮಳೆಗಾಲದಲ್ಲಿ ಕಿಟಕಿಯಿಂದ ಬರುವ ಮೆದು ಬೆಳಕು ಇಂತಹ ಚಿತ್ರಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಆದರೆ ಅದೇ ಮಗುವನ್ನು ಅಂಗಳಕ್ಕೆ ಕರೆತಂದರೆ ಲೆಕ್ಕ ಬದಲಾಗುತ್ತದೆ. ಜಂಬಿಟ್ಟಿಗೆಯ ಕೆಂಪು ಗೋಡೆ, ಅದರಾಚೆಯ ಹಸಿರು ಎರಡೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣಕ್ಕೆ ಇಳಿಯುತ್ತವೆ. ಮಗು ಇರುವ ಊರು ಯಾವುದೆಂಬುದೇ ತಿಳಿಯದಂತಾಗುತ್ತದೆ.

ಮೊಮ್ಮಕ್ಕಳ ಛಾಯಾಚಿತ್ರಕ್ಕೆ ದೊಡ್ಡ ಪೂರ್ವಸೂರಿಯೊಬ್ಬಳು ಇದ್ದಾಳೆ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ 1879ರಲ್ಲಿ ಸಿಲೋನಿನಲ್ಲಿ ತೀರಿಕೊಂಡ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್‌ಳಿಗೆ ಮಗಳು ಮತ್ತು ಅಳಿಯ ಕ್ಯಾಮೆರಾವನ್ನು ಉಡುಗೊರೆಯಾಗಿ ಕೊಟ್ಟಾಗ ಆಕೆಗೆ 48 ವರ್ಷ. 1865ರಲ್ಲಿ ಆಕೆ ಮೊಮ್ಮಗ ಆರ್ಚಿಯನ್ನು ಚಿತ್ರಿಸಿದಳು. ಆಗಿನ ಗಾಜಿನ ಫಲಕಕ್ಕೆ ರಾಸಾಯನಿಕ ಲೇಪಿಸಿ, ಅದು ಒದ್ದೆಯಾಗಿರುವಾಗಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಬೆಳಕಿಗೆ ಒಡ್ಡುವ ಅವಧಿಯೂ ದೀರ್ಘ. ಎರಡು ವರ್ಷದ ಮಗು ಅಷ್ಟು ಹೊತ್ತು ಅಲುಗದೆ ಇರುವುದು ನಿದ್ರೆಯಲ್ಲಿ ಮಾತ್ರ. ಚಿತ್ರದಲ್ಲಿ ಆರ್ಚಿ ಮಲಗಿದ್ದಾನೆ. ಮನೆಗೆಲಸದ ಮೇರಿ ಹಿಲ್ಲಿಯರ್ ಮಾತೆ ಮೇರಿಯಂತೆ ಅವನ ಮೇಲೆ ಬಾಗಿದ್ದಾಳೆ. ಅಜ್ಜಿ ಮೊಮ್ಮಗನನ್ನು ಬಾಲಯೇಸುವನ್ನಾಗಿಸಿ ‘ಭಕ್ತಿ’ ಎಂಬ ಅರ್ಥದ ಹೆಸರನ್ನು ಚಿತ್ರಕ್ಕೆ ಕೊಟ್ಟಳು. ಆದರೆ ಅದೇ ಚಿತ್ರಕ್ಕೆ ಇನ್ನೊಂದು ಹೆಸರೂ ಉಂಟು: ನನ್ನ ಮೊಮ್ಮಗು, ವಯಸ್ಸು 2 ವರ್ಷ 3 ತಿಂಗಳು. ಮೊದಲ ಹೆಸರು ಮಗುವನ್ನು ಕಾಲದಿಂದ ಎತ್ತಿ ದೇವಲೋಕಕ್ಕೆ ಒಯ್ಯುತ್ತದೆ. ಎರಡನೆಯದು ಅದನ್ನು ಕಾಲದೊಳಕ್ಕೆ ಮರಳಿ ತರುತ್ತದೆ. ಆ ಚಿತ್ರ ಇಂದಿಗೂ ಮನಮುಟ್ಟುವುದು ಈ ಎರಡನೆಯ ಹೆಸರಿನಿಂದ ಎಂಬುದು ನನ್ನ ಅಭಿಪ್ರಾಯ.

ಇದು ನಮಗೆ ದೂರದ ಮಾತಲ್ಲ. ಕೃಷ್ಣಾಷ್ಟಮಿ ಬಂತೆಂದರೆ ನಮ್ಮ ಮನೆಗಳಲ್ಲಿಯೂ ಮೊಮ್ಮಗು ಮುದ್ದುಕೃಷ್ಣನಾಗುತ್ತದೆ. ಕಿರೀಟ, ಕೊಳಲು, ಬೆಣ್ಣೆಯ ಗಡಿಗೆ ಎಲ್ಲವೂ ಸಿದ್ಧ. ಕೃಷ್ಣನ ವೇಷ ಕಳಚಿಬಿದ್ದು, ಕಿರೀಟ ಚುಚ್ಚುತ್ತದೆಂದು ಮಗು ಅಳುವ ಕ್ಷಣದ ಚಿತ್ರವೇ ಹತ್ತು ವರ್ಷಗಳ ಮೇಲೆ ಎಲ್ಲರಿಗೂ ಪ್ರಿಯವಾಗುತ್ತದೆ. ಅಲ್ಲಿ ಕಾಣುವುದು ಆ ಮಗುವೇ. ಬಣ್ಣ ತೆಗೆಯುವುದೂ ಒಂದು ಬಗೆಯ ವೇಷವೇ. ಕೃಷ್ಣನ ವೇಷ ಮಗುವನ್ನು ದೇವರನ್ನಾಗಿಸಿದರೆ, ಕಪ್ಪು-ಬಿಳುಪಿನ ವೇಷ ಅದನ್ನು ನಮ್ಮ ಬಾಲ್ಯವನ್ನಾಗಿಸುತ್ತದೆ.

ಈ ವೇಷದ ಹಂಗಿಲ್ಲದ ಕಪ್ಪು-ಬಿಳುಪು ಹೇಗಿರುತ್ತದೆಂಬುದಕ್ಕೆ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಕೃತಿಗಳೇ ನಿದರ್ಶನ. ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳಿಗಾಗಿ ದೇಶ ಸುತ್ತಿದ ಅವರು ಮಕ್ಕಳನ್ನು ಬಹುವಾಗಿ ಚಿತ್ರಿಸಿದರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಆ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಕಪ್ಪು-ಬಿಳುಪು ಅವರ ಕಾಲದ ಪತ್ರಿಕಾವೃತ್ತಿಯ ದಿನನಿತ್ಯದ ಭಾಷೆ. ಹಳೆಯದನ್ನು ನೆನಪಿಸಲೆಂದು ಅವರು ಅದನ್ನು ಹಿಡಿದವರಲ್ಲ. ಆದ್ದರಿಂದ ಅವರ ಮಕ್ಕಳು ಆಟ, ಪಾಠ, ದುಡಿಮೆಗಳಲ್ಲಿ ತಮ್ಮ ವರ್ತಮಾನದೊಳಗೇ ಇದ್ದಾರೆ. ಬೂದುಬಣ್ಣ ಬಡತನವನ್ನು ಚೆಲುವಾಗಿಸುತ್ತದೆಯೆಂಬ ಆಕ್ಷೇಪ ಈ ಬಗೆಯ ಎಲ್ಲ ಚಿತ್ರಗಳಿಗೂ ತಟ್ಟುತ್ತದೆ. ಸತ್ಯನ್ನರಲ್ಲಿ ಅದರ ಅಂಚು ಮೊಂಡಾಗುವುದು ಅವರ ವಿನೋದಪ್ರಜ್ಞೆಯಿಂದ, ಮತ್ತು ಎದುರಿಗಿದ್ದವರ ಘನತೆಯನ್ನು ಕಾಯುವ ಸೌಜನ್ಯದಿಂದ.

ಗೋವೆಯ ನೆಲದ್ದೇ ಇನ್ನೊಂದು ನಿದರ್ಶನ ಪ್ರಬುದ್ಧ ದಾಸಗುಪ್ತ ಅವರ ‘ಎಡ್ಜ್ ಆಫ್ ಫೇತ್’ (2009). ಬಣ್ಣ ಸುಲಭವಾಗಿದ್ದ ಕಾಲದಲ್ಲಿ ಅವರು ಇಲ್ಲಿನ ಕ್ರೈಸ್ತ ಸಮುದಾಯವನ್ನೂ ಅದರ ಮನೆಗಳನ್ನೂ ಕಪ್ಪು-ಬಿಳುಪಿನಲ್ಲೇ ಕಂಡರು. ಅಲ್ಲಿ ಆ ಆಯ್ಕೆ ಸಲ್ಲುತ್ತದೆ. ಸರಿದುಹೋಗುತ್ತಿರುವ ಕಾಲವೇ ಆ ಪುಸ್ತಕದ ವಸ್ತು. ಅದೇ ಛಾಯೆಯನ್ನು ಮೂರು ವರ್ಷದ ಮಗುವಿಗೆ ಹೊದಿಸಿದಾಗ ಆಗುವುದೇನು? ಇನ್ನೂ ಬಾಳಬೇಕಾದದ್ದು ಆಗಲೇ ನೆನಪಾಗಿಬಿಡುತ್ತದೆ.

ಗೋವೆಯ ಕನ್ನಡಿಗರಿಗೆ ಈ ಪ್ರಶ್ನೆ ಕೇವಲ ಅಭಿರುಚಿಯದಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿಗಳ ಕಡೆಯಿಂದ ದುಡಿಮೆಗಾಗಿ ವಾಸ್ಕೋ, ಮಡಗಾಂವ್, ಪಣಜಿ, ಮಾಪ್ಸಾಗಳಿಗೆ ಬಂದ ಎಷ್ಟೋ ಹಿರಿಯರ ಬಾಲ್ಯದ ಒಂದು ಫೋಟೋ ಕೂಡ ಇಲ್ಲ. ಮೊಮ್ಮಗುವಿನ ಚಿತ್ರದಿಂದ ಬಣ್ಣ ತೆಗೆಯುವ ಅಜ್ಜ ತನಗೆ ಇಲ್ಲದ ಆ ಫೋಟೋವನ್ನೇ ಹುಡುಕುತ್ತಿರಬಹುದು. ಆ ಹಂಬಲವನ್ನು ಹಗುರವಾಗಿ ಕಾಣುವ ಹಕ್ಕು ಯಾವ ವಿಮರ್ಶಕನಿಗೂ ಇಲ್ಲ. ಆದರೆ ಈ ಮಗುವಿನ ಊರು ಇದು. ಅದರ ಬಾಲ್ಯದ ಬಣ್ಣಗಳು ಕಪ್ಪುಮಣ್ಣಿನ ಜೋಳದ ಹೊಲದವಲ್ಲ. ಕೆಂಪು ಜಂಬಿಟ್ಟಿಗೆಯವು, ಮಳೆಯಲ್ಲಿ ಮಣ್ಣುಬಣ್ಣಕ್ಕೆ ತಿರುಗಿ ಆಮೇಲೆ ನೀಲಿಯಾಗುವ ಕಡಲಿನವು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ ಆಡುತ್ತ ಅದು ಈ ಬಣ್ಣಗಳೊಳಗೆ ಬೆಳೆಯುತ್ತಿದೆ. ಅವನ್ನು ಅಳಿಸಿ ನಮ್ಮೂರಿನ ಹಳೆಯ ಫೋಟೋದಂತೆ ಮಾಡಿದರೆ, ನೀನು ಬೆಳೆದ ಊರು ನಿನ್ನದಲ್ಲ ಎಂದು ಪ್ರೀತಿಯಿಂದಲೇ ಹೇಳಿದಂತಾಗುತ್ತದೆ.

ಹಾಗೆಂದು ಕಪ್ಪು-ಬಿಳುಪನ್ನು ಬಿಡಬೇಕಾಗಿಲ್ಲ. ಬಣ್ಣದ ಮೂಲಪ್ರತಿಯನ್ನು ಉಳಿಸಿಕೊಂಡು ಅದರ ನಕಲನ್ನಷ್ಟೇ ಪರಿವರ್ತಿಸಬಹುದು. ಮುಖ, ಕೈ, ಬೆಳಕು ಮಾತನಾಡುವಲ್ಲಿ ಬಣ್ಣ ತೆಗೆಯಬಹುದು. ಊರು ಮಾತನಾಡುವಲ್ಲಿ ಉಳಿಸಬಹುದು. ಬೇಡವೆಂದು ಮಗು ಮುಖ ತಿರುಗಿಸಿದರೆ ಕ್ಯಾಮೆರಾ ಕೆಳಗಿಡಬಹುದು. ಮೊಬೈಲಿನೊಳಗೆ ಕಳೆದುಹೋಗುವ ನೂರಾರು ಚಿತ್ರಗಳಲ್ಲಿ ವರ್ಷಕ್ಕೆ ಹತ್ತನ್ನಾದರೂ ಕಾಗದಕ್ಕೆ ಇಳಿಸಿ, ಬೆನ್ನಿಗೆ ಹೆಸರು, ದಿನಾಂಕ, ಊರು ಬರೆದಿಡುವುದು ಎಲ್ಲಕ್ಕಿಂತ ಮುಖ್ಯ. ಕನ್ನಡದಲ್ಲಿ ಬರೆದರೆ ಇನ್ನೂ ಒಳ್ಳೆಯದು. ಅಜ್ಜನ ಕೈಬರಹವೂ ಚಿತ್ರದೊಡನೆ ಉಳಿಯುತ್ತದೆ.

ಕ್ಯಾಮರಾನ್ ಅಜ್ಜಿ ಮೊಮ್ಮಗನ ವಯಸ್ಸನ್ನು ತಿಂಗಳ ಲೆಕ್ಕದಲ್ಲಿ ಬರೆದಿಟ್ಟಳು. ನಮ್ಮ ಮೊಮ್ಮಕ್ಕಳು ದೊಡ್ಡವರಾಗಿ ಆಲ್ಬಮ್ ತೆರೆದಾಗ ಮೊದಲು ಹುಡುಕುವುದೂ ಅದನ್ನೇ: ಆಗ ನನಗೆಷ್ಟು ವಯಸ್ಸು, ಇದು ಯಾವ ಮನೆ, ಚಿತ್ರ ತೆಗೆದವರು ಯಾರು? ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವ ಚಿತ್ರ ಬಣ್ಣದಲ್ಲಿದ್ದರೂ ಬಣ್ಣವಿಲ್ಲದಿದ್ದರೂ ಒಳ್ಳೆಯ ಚಿತ್ರವೇ.