ಪೋಡಿಯಾಗದ ಪಾಲು

ಕಳೆದ ತಿಂಗಳು ದೊಡ್ಡಪ್ಪ ಫೋನ್ ಮಾಡಿದ್ದರು. "ನೀನೊಂದು ಸೈನ್ ಹಾಕ್ಬುಟ್ರೆ ಆಯ್ತವ್ವ, ಪೋಡಿ ನಿಂತಿರೋದು ಅದೊಂದಕ್ಕೇ" ಅಂದರು. ತಾತನ ಹೆಸರಿನಲ್ಲಿ ಒಂದು ಸರ್ವೆ ನಂಬರಿದೆ, 4 ಎಕರೆ 10 ಗುಂಟೆ. ಅದರಲ್ಲಿ 5 ಗುಂಟೆ ಹಳ್ಳ, ಖರಾಬು. ಉಳಿದದ್ದು ಮೂವರು ಗಂಡುಮಕ್ಕಳಿಗೆ ತಲಾ 1 ಎಕರೆ 15 ಗುಂಟೆ. ಅಪ್ಪ ಈಗಿಲ್ಲ, ಹಾಗಾಗಿ ಅವರ ಪಾಲು ತಮ್ಮನ ಹೆಸರಿಗೆ. ಅಮ್ಮ ಮತ್ತು ನಾನು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು.

ಫೋನ್ ಬಂದಾಗ ನಾನು ನನ್ನ ಪ್ರಬಂಧದ ಒಂದು ಅಧ್ಯಾಯ ತಿದ್ದುತ್ತಾ ಕೂತಿದ್ದೆ. ಅದರಲ್ಲಿ 'ಅವಿಭಕ್ತ ಕುಟುಂಬದ ವಿಘಟನೆ' ಎಂಬ ಮಾತು ಎಷ್ಟು ಸಲ ಬಂದಿದೆ ಎಂದು ಆಮೇಲೆ ಎಣಿಸಿ ನಾಚಿಕೆಯಾಯಿತು. ಕನ್ನಡ ವಿಮರ್ಶೆ ಓದಿ ಬೆಳೆದವರಿಗೆಲ್ಲ ಈ ಮಾತು ಬಾಯಿಪಾಠ. ಕಾದಂಬರಿಯಲ್ಲಿ ಮನೆ ಪಾಲಾಯಿತೆಂದರೆ ಒಂದು ಲೋಕ ಮುರಿಯಿತು, ಆಧುನಿಕತೆ ಬಂತು ಎಂದು ಬರೆದು ಮುಂದಕ್ಕೆ ಹೋಗುತ್ತೇವೆ. ಮುರಿದದ್ದು ಯಾರ ಲೋಕ, ಅದಕ್ಕೆ ಮುಂಚೆ ಅದು ಯಾರ ಹೆಸರಿನಲ್ಲಿತ್ತು ಎಂದು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಪಾಲಾಗುವುದು ಬೇರೆ, ಪೋಡಿಯಾಗುವುದು ಬೇರೆ. ಊರ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಬದು ಹಾಕಿಕೊಂಡು ಮೂವತ್ತು ವರ್ಷ ಬೇರೆ ಬೇರೆ ಉತ್ತಿರಬಹುದು. ಪಾಲುಪಟ್ಟಿ ರಿಜಿಸ್ಟರ್ ಕೂಡ ಆಗಿರಬಹುದು. ಆದರೂ ಪಹಣಿಯ 9ನೇ ಕಾಲಂನಲ್ಲಿ ಎಲ್ಲರ ಹೆಸರೂ ಒಂದರ ಕೆಳಗೊಂದು ಜಂಟಿಯಾಗಿಯೇ ಕೂತಿರುತ್ತವೆ. 11ನೇ ಕಾಲಂನಲ್ಲಿ ಒಬ್ಬನ ಸಾಲ ಏರಿದರೂ ಆ ಪಹಣಿ ಹಿಡಿದುಕೊಂಡು ಬ್ಯಾಂಕಿಗೆ ಹೋದ ಉಳಿದವರು ಉತ್ತರ ಹೇಳಬೇಕು. ಸರ್ವೇಯರ್ ಬಂದು ಅಳೆದು, ನಕ್ಷೆ ಬರೆದು, 42 ಎಂಬ ನಂಬರು 42/1, 42/2, 42/3 ಆದಾಗಲೇ ಒಂದೊಂದಕ್ಕೂ ಅದರದೇ ಪಹಣಿ, ಅದರದೇ ಗಡಿ. ನಮ್ಮ ಕಾದಂಬರಿಗಳು ಪಾಲಿನ ಜಗಳವನ್ನು ವಿವರವಾಗಿ ಬರೆದಿವೆ. ಪೋಡಿಯವರೆಗೆ ಬಂದ ಕಾದಂಬರಿ ನನಗಂತೂ ನೆನಪಾಗುತ್ತಿಲ್ಲ.

'ಕಾನೂರು ಹೆಗ್ಗಡಿತಿ'ಯನ್ನೇ ನೋಡಿ. ಚಂದ್ರಯ್ಯಗೌಡರು ಯಜಮಾನರು. ಹೂವಯ್ಯ ತೀರಿಹೋದ ಅಣ್ಣನ ಮಗ. ಮನೆ ಪಾಲಾಗಿ ಹೂವಯ್ಯ ತಾಯಿ ನಾಗಮ್ಮನವರೊಂದಿಗೆ ಕೆಳಕಾನೂರಿಗೆ ಹೋಗುತ್ತಾನೆ. ಕುವೆಂಪು ಅವರ ಆಸಕ್ತಿ ಹೂವಯ್ಯನ ಮನಸ್ಸು ಅಲ್ಲಿಂದ ಹೇಗೆ ಬೆಳೆಯಿತು ಎಂಬುದರಲ್ಲಿದೆ, ಮತ್ತು ಅದನ್ನು ಅವರು ಬರೆದ ರೀತಿಗೆ ನಾನು ಇಂದಿಗೂ ಮರುಳಾಗುತ್ತೇನೆ. ನನ್ನ ತಕರಾರು ಕಾದಂಬರಿಯ ಮೇಲಲ್ಲ, ಅದನ್ನು ನಾವು ಓದಿದ ರೀತಿಯ ಮೇಲೆ. ನಾಗಮ್ಮ ಮತ್ತು ಸುಬ್ಬಮ್ಮನ ನಡುವಿನ ಜಟಾಪಟಿಯನ್ನು 'ಹೆಂಗಸರ ಅಡುಗೆಮನೆ ಜಗಳ' ಎಂದು ಬದಿಗಿಟ್ಟು, ಪಾಲಿನ ಮೂಲವನ್ನು ಗಂಡಸರ ಸ್ವಭಾವದಲ್ಲಿ ಹುಡುಕುತ್ತೇವೆ. ಆಸ್ತಿಯ ಯಾವ ಕಾಗದದಲ್ಲೂ ಹೆಸರಿಲ್ಲದವಳಿಗೆ ಆ ಮನೆಯಲ್ಲಿ ತನಗೂ ಜಾಗವಿದೆ ಎಂದು ಹೇಳಲು ಒಲೆಯ ಮುಂದಲ್ಲದೆ ಬೇರೆಲ್ಲಿ ಸಾಧ್ಯವಿತ್ತು? ವಿಧವೆ ನಾಗಮ್ಮನ ಜಗಳ ಒಂದು ಹಕ್ಕಿನ ಅರ್ಜಿ. ಅದನ್ನು ಹಾಗೆ ಓದಿದರೆ ಶೀರ್ಷಿಕೆಯೂ ಸ್ವಲ್ಪ ಅಲುಗಾಡುತ್ತದೆ. ಹೆಗ್ಗಡಿತಿ ಎಂಬುದು ಪದವಿ ಹೌದು, ಗಂಡನಿಂದ ಬಂದ ಪದವಿ. ಅದರೊಳಗೆ ಒಂದು ಗುಂಟೆಯೂ ಇಲ್ಲ.

ಕಾದಂಬರಿ ಬಂದದ್ದು 1936ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1933ರಲ್ಲಿ, ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು, ಪಾಲಿನ ಹೊತ್ತಿನಲ್ಲಿ ತಾಯಿಗೆ, ಮದುವೆಯಾಗದ ಅಕ್ಕತಂಗಿಯರಿಗೆ ಒಂದಿಷ್ಟು ಭಾಗ ಸಿಗುವಂತೆ ಮಾಡಿತ್ತು. ಕತೆ ನಡೆಯುವ ಕಾಲ ಅದಕ್ಕೂ ಹಿಂದಿನದು, ಆದ್ದರಿಂದ ಕಾಯ್ದೆಯನ್ನು ಕಾದಂಬರಿಯಲ್ಲಿ ಹುಡುಕುವುದು ಮೂರ್ಖತನ. ಆದರೆ ಮೊದಲ ಓದುಗರಲ್ಲಿ ಕೆಲವರಿಗಾದರೂ ಅದು ಹೊಸ ಸುದ್ದಿಯಾಗಿತ್ತು ಎಂಬುದನ್ನು ಮರೆತು ಓದುವುದೂ ಸರಿಯಲ್ಲ.

ಭೈರಪ್ಪನವರ 'ಗೃಹಭಂಗ' (1970) ನನ್ನನ್ನು ಇನ್ನೂ ಹೆಚ್ಚು ಕಾಡಿತು. ಶೀರ್ಷಿಕೆಯೇ ಮನೆ ಒಡೆಯುವುದರ ಬಗ್ಗೆ ಇದೆ. ಆದರೆ ಆ ಮನೆ ಹಾಳಾದದ್ದು ಪಾಲಿನಿಂದಲ್ಲ. ಗಂಗಮ್ಮ ಮತ್ತು ಅವಳ ಮಕ್ಕಳ ವಿವೇಕವಿಲ್ಲದ ನಡೆಯಿಂದ ಸಾಲ ಬೆಳೆದು ಜಮೀನು ಕೈತಪ್ಪುತ್ತದೆ. ಒಟ್ಟಿಗಿದ್ದ ಆಸ್ತಿಯಾದ್ದರಿಂದಲೇ ಒಬ್ಬರ ತಪ್ಪಿಗೆ ಎಲ್ಲರದ್ದೂ ಹೋಗುತ್ತದೆ. ಹಾಗಾದರೆ ಇಲ್ಲಿ ಅಪಾಯ ಇದ್ದದ್ದು ವಿಘಟನೆಯಲ್ಲೋ, ಅವಿಭಕ್ತತೆಯಲ್ಲೋ?

ನಂಜಮ್ಮನನ್ನು ನಾವು ಸಹನೆಯ ಮೂರ್ತಿ ಮಾಡಿಟ್ಟಿದ್ದೇವೆ. ತರಗತಿಯಲ್ಲಿ ಹಾಗೇ ಹೇಳಿಕೊಡುತ್ತಾರೆ, ಪರೀಕ್ಷೆಯಲ್ಲಿ ಹಾಗೇ ಬರೆಯುತ್ತೇವೆ. ಅವಳು ಶಾನುಭೋಗಿಕೆಯ ಲೆಕ್ಕ ಕಲಿತವಳು. ಗೆರೆ ಎಳೆದು ಖಾತೆ ಪುಸ್ತಕಗಳನ್ನು ತುಂಬಿಸುವವಳು ಅವಳು, ಶಾನುಭೋಗ ಅನ್ನಿಸಿಕೊಳ್ಳುವವನು ಗಂಡ ಚೆನ್ನಿಗರಾಯ. ಊರಿನ ಯಾರ ಹೊಲ ಎಷ್ಟು, ಕಂದಾಯ ಎಷ್ಟು ಎಂದು ಬರೆಯುವ ಕೈಗೆ ತನ್ನದೆನ್ನುವ ನೆಲ ಇಲ್ಲ. ಹಳೆಯ ಕ್ರಯಪತ್ರಗಳ ಕೊನೆಯಲ್ಲಿ ಬರೆದವನ ಹೆಸರನ್ನು 'ಬಿಕ್ಕಲಂ' ಎಂದು ಹಾಕುವ ವಾಡಿಕೆ ಇತ್ತು. ನಂಜಮ್ಮನಿಗೆ ಅಷ್ಟು ಸಾಲೂ ಇಲ್ಲ. ಆ ಮನೆಯಲ್ಲಿ ಕಾಗದ ಏನು ಮಾಡಬಲ್ಲದು ಎಂದು ತಿಳಿದಿದ್ದವಳು ಅವಳೊಬ್ಬಳೇ ಎಂಬುದು ಅವಳ ಸಹನೆಗಿಂತ ದೊಡ್ಡ ವಿಷಯ ಎಂದು ನನಗೀಗ ತೋರುತ್ತದೆ.

ಇಷ್ಟು ಹೇಳಿದಾಗ ಸಹಸಂಶೋಧಕ ಗೆಳೆಯನೊಬ್ಬ, "ಇದು ವಿಮರ್ಶೆಯಲ್ಲ, ಕಂದಾಯ ಇಲಾಖೆಯ ಕೆಲಸ" ಎಂದು ನಕ್ಕ. ಇರಬಹುದು. ಆದರೆ ದಾನಶಾಸನಗಳಲ್ಲಿ ಹಳ್ಳ, ಮರ, ಕಲ್ಲು ಹೆಸರಿಸಿ ಎಲ್ಲೆ ಹೇಳುವ ಸಾಲುಗಳನ್ನು ನಾವು ಭಾಷೆಯ ಆಸ್ತಿ ಎಂದು ಓದುತ್ತೇವಲ್ಲ? ಅದೇ ಗದ್ಯ ಇವತ್ತಿನ ಪಾಲುಪಟ್ಟಿಯ ಚೆಕ್ಕುಬಂದಿಯಲ್ಲಿ ಬದುಕಿದೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ. ಕನ್ನಡದಲ್ಲಿ ಇಷ್ಟು ಬಿಗಿಯಾದ ವಾಕ್ಯಗಳು ಕಡಿಮೆ.

ಹಕ್ಕು ಬಿಡುಗಡೆ ಪತ್ರದ ಗದ್ಯ ಮಾತ್ರ ಬೇರೆ ಜಾತಿಯದು. ಅಲ್ಲಿ ಎಲ್ಲವೂ ಭಾವನೆ. ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ, ಅರಿಶಿನ ಕುಂಕುಮದ ಬಾಬ್ತು ಇಷ್ಟು ಪಡೆದು ಎಂದೆಲ್ಲ ಬರುತ್ತದೆ. ಗಂಡಸಿನ ಪಾಲಿಗೆ ಅಳತೆ, ಹೆಂಗಸಿನ ಪಾಲಿಗೆ ಸಂತೋಷ. 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿದ್ದರಿಂದ ನನ್ನ ಅತ್ತೆಯರು ಅದರಲ್ಲಿ ಬರಲಿಲ್ಲ. 2005ರ ಕೇಂದ್ರ ತಿದ್ದುಪಡಿ ಆ ತಡೆ ತೆಗೆಯಿತು. ಆ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾನೂನು ಒಂದೊಂದು ಹೆಜ್ಜೆ ಇಟ್ಟಂತೆಲ್ಲ ಈ 'ಸ್ವಸಂತೋಷ'ದ ಕಾಗದಕ್ಕೆ ಬೇಡಿಕೆ ಹೆಚ್ಚಿತು, ಕನಿಷ್ಠ ನಮ್ಮ ಊರಿನಲ್ಲಿ.

ದೊಡ್ಡಪ್ಪ ಕೆಟ್ಟವರಲ್ಲ. ಹಾಸ್ಟೆಲ್ ಫೀಸು ಕಟ್ಟಲು ಅವರು ತೆಂಗಿನಕಾಯಿ ಮಾರಿದ ವರ್ಷವೂ ಇದೆ. ಅವರ ಹೆದರಿಕೆಯೂ ಸುಳ್ಳಲ್ಲ. ಪೋಡಿಯಾದ ತುಂಡು ಸುಲಭವಾಗಿ ಮಾರಾಟವಾಗುತ್ತದೆ. ಪಕ್ಕದ ಹೊಲದಲ್ಲಿ ಈಗಾಗಲೇ ಲೇಔಟಿನ ಕಲ್ಲು ನೆಟ್ಟಿದ್ದಾರೆ. ಬದುವಿನಾಚೆ ಯಾರು ಬರುತ್ತಾರೋ ಎಂಬ ಅವರ ಆತಂಕ ಆಸೆಬುರುಕತನಕ್ಕಿಂತ ಹಳೆಯದು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ನನ್ನ ಓದೂ ಒಮ್ಮುಖವಾದೀತು.

"ಕಾಗದ ಕಳಿಸಿ ದೊಡ್ಡಪ್ಪ, ಮೊದಲು ಓದ್ತೀನಿ" ಅಂದೆ. "ಓದಿದ್ದು ಸಾಲ್ದೇನವ್ವ ನಿಂಗೆ" ಎಂದು ನಕ್ಕರು. ಮರುದಿನ ವಾಟ್ಸಾಪಿನಲ್ಲಿ ಕರಡು ಬಂತು. ವಂಶವೃಕ್ಷದಲ್ಲಿ ತಮ್ಮನ ಹೆಸರು ಪೂರ್ತಿ ಇದೆ, ಇನಿಷಿಯಲ್ ಸಮೇತ. ನನ್ನ ಹೆಸರಿನಲ್ಲಿ ಒಂದು ಕಾಗುಣಿತ ತಪ್ಪಿದೆ. ಅಮ್ಮನ ಹೆಸರಿನ ಜಾಗದಲ್ಲಿ 'ಪತ್ನಿ' ಎಂದಷ್ಟೇ ಇದೆ. ಅವೆರಡನ್ನೂ ತಿದ್ದಿ ವಾಪಸು ಕಳಿಸಿದ್ದೇನೆ. ಸಹಿ ಇನ್ನೂ ಹಾಕಿಲ್ಲ.