ಕೈ ಎತ್ತಿದ ಮಕ್ಕಳು

ಮಕ್ಕಳ ಬೊಜ್ಜಿನ ಮಾತು ಬಂದಲ್ಲೆಲ್ಲ ಬಾಣಸಿಗ ಜೇಮೀ ಆಲಿವರ್ ಹೆಸರೂ ಬರುತ್ತದೆ. ಬ್ರಿಟನ್ನಿನ ಶಾಲೆಯೂಟದ ಬಗ್ಗೆ ಅವರು 2005ರಲ್ಲಿ ಮಾಡಿದ ಟೀವಿ ಸರಣಿಯ ಮೇಲೆ ನನ್ನ ತಕರಾರಿಲ್ಲ. ಅದರ ಬೆನ್ನಲ್ಲೇ ಅಲ್ಲಿನ ಸರ್ಕಾರ ಶಾಲೆಯೂಟಕ್ಕೆ 28 ಕೋಟಿ ಪೌಂಡ್ ಕೊಡುವುದಾಗಿ ಒಪ್ಪಿಕೊಂಡಿತು. ಆದರೆ ಎಮ್ಮಿ ಪ್ರಶಸ್ತಿ ಗಿಟ್ಟಿಸಿದ 2010ರ ಅಮೆರಿಕದ ಸರಣಿ ‘ಫುಡ್ ರೆವಲ್ಯೂಷನ್’ ಇಷ್ಟೊಂದು ಹೊಗಳಿಕೆಗೆ ತಕ್ಕದ್ದಲ್ಲ.

ಅದರಲ್ಲಿ ಎಲ್ಲರಿಗೂ ನೆನಪಿರುವುದು ಕೋಳಿ ನಗೆಟ್ಟಿನ ದೃಶ್ಯ. ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್ನಿನಲ್ಲಿ ಪುಟ್ಟ ಮಕ್ಕಳನ್ನು ಎದುರಿಗಿಟ್ಟುಕೊಂಡು ಆಲಿವರ್ ಕೋಳಿ ಕತ್ತರಿಸುತ್ತಾರೆ. ಎದೆ, ತೊಡೆ, ರೆಕ್ಕೆ ಬದಿಗೆ; ಉಳಿದ ಎಲುಬಿನ ಗೂಡು, ಚರ್ಮ ಮಿಕ್ಸಿಗೆ. ಮಕ್ಕಳು ‘ಛೀ’ ಎನ್ನುತ್ತಾರೆ. ಅರೆದ ಮುದ್ದೆಯನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದು, ಈಗಲೂ ಯಾರು ತಿನ್ನುತ್ತೀರಿ ಎಂದು ಕೇಳಿದರೆ ಕೈಗಳು ಮೇಲೇಳುತ್ತವೆ. ಯಾಕೆಂದರೆ, ಹಸಿವಂತೆ. ಆಲಿವರ್ ಪೆಚ್ಚಾಗುತ್ತಾರೆ.

ಈ ತುಣುಕನ್ನು ಹಂಚಿಕೊಂಡು ನಕ್ಕವರು, ಅದರ ಬಗ್ಗೆ ಬರೆದವರು ಬಹುಪಾಲು ಮಕ್ಕಳನ್ನೇ ನಪಾಸು ಮಾಡಿದರು: ಅಮೆರಿಕದ ನಾಲಿಗೆಯೇ ಕೆಟ್ಟಿದೆಯಂತೆ. ಪಾಠ ಏನಿತ್ತೆಂದು ಇವರು ನೋಡಿದ್ದಾರೆಯೇ? ಹೇಸಿಗೆ ಹುಟ್ಟಿಸಲು ಮೇಷ್ಟ್ರು ಬಳಸಿದ್ದು ಎಲುಬು, ಚರ್ಮ. ಎಣ್ಣೆ, ಉಪ್ಪು, ಸಕ್ಕರೆ ಬೆರೆತ ಹಾಲು ಇವುಗಳಿಗೆ ಆ ಹೇಸಿಗೆಯಲ್ಲಿ ಪಾತ್ರವೇ ಇಲ್ಲ. ಕಾಲು ಸೂಪು ಕುಡಿದು, ತಲೆಮಾಂಸ, ಬೋಟಿ ಗೊಜ್ಜು ಉಂಡು ಬೆಳೆದ ನಮ್ಮ ಕಡೆಯವರಿಗೆ ಈ ಹೇಸಿಗೆ ವಿಚಿತ್ರವಾಗಿ ಕಾಣಬೇಕು. ಎಲುಬನ್ನು ಬಿಸಾಡದೆ ಬೇಯಿಸುವುದು ಬಡಮನೆಯ ಜಾಣತನ. ಬಾಣಸಿಗರೂ ಸ್ಟಾಕ್ ತೆಗೆಯುವುದು ಅದರಿಂದಲೇ. (ಆಲಿವರ್‌ಗೆ ಇದು ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ?) ಅಸಲಿ ಎದೆಮಾಂಸದ ನಗೆಟ್ಟನ್ನೇ ವಾರವಿಡೀ ಕರಿದು ಬಡಿಸಿದರೆ ಮಗುವಿನ ತೂಕ ಇಳಿದೀತೇ? ಕಣ್ಣೆದುರೇ ಕತ್ತರಿಸಿದ ಕೋಳಿ, ಕಣ್ಣೆದುರೇ ಬೆಂದದ್ದು, ಮಾಡಿದವರು ಹೆಸರಾಂತ ಬಾಣಸಿಗ. ಮಕ್ಕಳು ಕೈ ಎತ್ತಿದ್ದು ಸರಿಯಾಗಿಯೇ ಇತ್ತು.

ಸರಣಿಯಲ್ಲಿ ಒಳ್ಳೆಯ ಸಾಮಗ್ರಿ ಇಲ್ಲವೆಂದಲ್ಲ. ಫ್ರೆಂಚ್ ಫ್ರೈಸನ್ನು ತರಕಾರಿಯ ಲೆಕ್ಕಕ್ಕೆ ಹಾಕುವ ನಿಯಮ, ನೀರು ಬೆರೆಸಿದರೆ ಪಲ್ಯವಾಗುವ ಒಣ ಆಲೂಗೆಡ್ಡೆ, ಹೊತ್ತು ಸಾಲದೆ ಗೊಣಗುವ ಅಡುಗೆಯ ಹೆಂಗಸರು ಎಲ್ಲ ಅಲ್ಲಿದ್ದಾರೆ. ಆ ಹೆಂಗಸರ ಗೊಣಗಾಟದಲ್ಲಿ ದುಡಿಮೆಯ ಲೆಕ್ಕವಿತ್ತು. ಸಂಕಲನಕಾರ ಅದನ್ನು ಹಟಮಾರಿತನವಾಗಿ ಕತ್ತರಿಸಿಟ್ಟ.

ಇದಕ್ಕೆ ಹೋಲಿಸಿ ನೋಡಿ: 2005ರ ಸರಣಿಯಲ್ಲಿ ಕಂಡ ಆಲಿವರ್ ಅವರ ಮೊದಲ ಪ್ರಯತ್ನ ನಡೆದ ಲಂಡನ್ನಿನ ಗ್ರೆನಿಚ್‌ನಲ್ಲಿ ಮಕ್ಕಳ ಗೈರುಹಾಜರಿ ಇಳಿದದ್ದನ್ನು ಅರ್ಥಶಾಸ್ತ್ರಜ್ಞರಾದ ಮಿಶೆಲ್ ಬೆಲೊ, ಜೊನಾಥನ್ ಜೇಮ್ಸ್ ಅಂಕಿಗಳಲ್ಲಿ ತೋರಿಸಿದರು. ಅಲ್ಲಿ ಬದಲಾದದ್ದು ಊಟದ ಪಟ್ಟಿ. ತರಬೇತಿ ಸಿಕ್ಕಿದ್ದು ಅಡುಗೆಯವರಿಗೆ.